ಮನೆಗೆ ಬ್ಯಾಟರಿ ತರುವವರಿಗೆ ನಾಲ್ಕು ಮಾತು

ಈಗ ಯಾರ ಮನೆಗೆ ಹೋದರೂ ಇದೇ ಸುದ್ದಿ. ತಾರಸಿ ಮೇಲೆ ಸೋಲಾರ್ ಹಾಕಿಸುತ್ತಿದ್ದೇವೆ, ಹಾಗೇ ಒಂದು ದೊಡ್ಡ ಬ್ಯಾಟರಿಯನ್ನೂ ಇಡಿಸಿಬಿಡೋಣ ಅಂತಿದ್ದೇವೆ ಎನ್ನುತ್ತೀರಿ. ಒಳ್ಳೆಯದೇ, ನಾನು ಬೇಡ ಅನ್ನುವವಳಲ್ಲ. ಹಗಲಿನ ಬಿಸಿಲನ್ನು ಹಿಡಿದಿಟ್ಟು ರಾತ್ರಿ ದೀಪ ಹಚ್ಚಿಕೊಳ್ಳುವುದು ಜಾಣತನ. ನನ್ನ ತಕರಾರು ಆಮೇಲಿನದು. ತಂದ ದಿನ ಕುಂಕುಮ ಹಚ್ಚಿ ಪೂಜೆ ಮಾಡುತ್ತೀರಿ, ಜಾಗ ಸಿಕ್ಕಲ್ಲಿ ತುರುಕುತ್ತೀರಿ, ಅಲ್ಲಿಗೆ ಮರೆತುಬಿಡುತ್ತೀರಿ. ಬೆಸ್ಕಾಂ, ಹೆಸ್ಕಾಂ ಲೈನಿಗೂ ಸೇರಿಕೊಂಡು ತನ್ನೊಳಗೂ ಕರೆಂಟ್ ತುಂಬಿಟ್ಟುಕೊಳ್ಳುವ ಬ್ಯಾಟರಿ ಎಂದರೆ ಅದೊಂದು ಪುಟ್ಟ ಉಗ್ರಾಣ. ಉಗ್ರಾಣ ಇಟ್ಟುಕೊಂಡ ಮೇಲೆ ಅದರಲ್ಲಿ ಎಷ್ಟಿದೆ, ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಬೀಗದ ಕೈ ಯಾರ ಬಳಿ ಇದೆ ಅನ್ನುವುದು ಮನೆಯವರಿಗೆ ಗೊತ್ತಿರಲೇಬೇಕು.

ಮೊದಲು, ಬ್ಯಾಟರಿ ನಿಮಗೆ ಯಾತಕ್ಕೆ ಬೇಕು ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಬಿಲ್ ಇಳಿಸಲಿಕ್ಕೆ ಎಂದರೆ ಸ್ವಲ್ಪ ನಿಲ್ಲಿ. ಸೋಲಾರ್‌ಗೆ ನೆಟ್ ಮೀಟರ್ ಹಾಕಿಸಿಕೊಂಡಿದ್ದರೆ ಹಗಲು ಹೆಚ್ಚಾದ ಯೂನಿಟ್ ಲೈನಿಗೆ ಹೋಗುತ್ತದೆ, ರಾತ್ರಿ ಲೈನಿನಿಂದ ನಿಮಗೆ ಬರುತ್ತದೆ. ಮೀಟರು ಹೋದದ್ದನ್ನೂ ಬಂದದ್ದನ್ನೂ ಎಣಿಸಿ ವ್ಯತ್ಯಾಸಕ್ಕೆ ಬಿಲ್ ಕೊಡುತ್ತದೆ. ಅಂದಮೇಲೆ ಬಿಲ್ಲಿನ ಮಟ್ಟಿಗೆ ಬ್ಯಾಟರಿಯ ಕೆಲಸವನ್ನು ಲೈನೇ ಮಾಡಿಕೊಡುತ್ತಿದೆ. ಗೃಹಜ್ಯೋತಿಯಲ್ಲಿ 200 ಯೂನಿಟ್ ಒಳಗಿದ್ದು ಸೊನ್ನೆ ಬಿಲ್ ಬರುವ ಮನೆಯಾದರೆ ಉಳಿಸಲಿಕ್ಕಾದರೂ ಏನಿದೆ? 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಮತ್ತು ಮೇಲಿನದಕ್ಕೆ 78,000 ರೂಪಾಯಿ ಸಬ್ಸಿಡಿ ಇದೆ, ನಿಜ. ಆದರೆ ಆ ಲೆಕ್ಕ ತಾರಸಿಯ ಸೋಲಾರಿನ ಕಿಲೋವ್ಯಾಟ್ ಮೇಲೆ. ಬ್ಯಾಟರಿಯ ಖರ್ಚು ನಿಮ್ಮ ಕೈಯಿಂದಲೇ. ಮಾರುವವರು ಎರಡನ್ನೂ ಸೇರಿಸಿ ಒಂದೇ ಉಸಿರಿನಲ್ಲಿ ಹೇಳುತ್ತಾರೆ, ನೀವು ಬಿಡಿಸಿ ಕೇಳಿ, ಬೇರೆ ಬೇರೆ ಬರೆಸಿಕೊಳ್ಳಿ.

ಇನ್ನೊಂದು ಗೊತ್ತಿರಲಿ. ಬ್ಯಾಟರಿಗೆ ಹಾಕಿದ್ದೆಲ್ಲ ವಾಪಸ್ ಬರುವುದಿಲ್ಲ. ಹತ್ತು ಯೂನಿಟ್ ತುಂಬಿದರೆ ಹಳೇ ನಮೂನೆಯ ಸೀಸದ ಬ್ಯಾಟರಿ ಏಳೆಂಟು ಯೂನಿಟ್ ಕೊಟ್ಟೀತು, ಲಿಥಿಯಂ ಆದರೆ ಒಂಬತ್ತರ ಆಸುಪಾಸು. ಉಳಿದದ್ದು ಶಾಖವಾಗಿ ಹೋಗುತ್ತದೆ.

ಹಾಗಾದರೆ ಬ್ಯಾಟರಿ ಯಾರಿಗೆ ಬೇಕು? ದಿನಾ ಕರೆಂಟ್ ತೆಗೆಯುವ ಊರಿನವರಿಗೆ ಬೇಕು. ಆಕ್ಸಿಜನ್ ಮೆಷಿನ್ ಹಚ್ಚಿಕೊಂಡ ಹಿರಿಯರು ಇರುವ ಮನೆಗೆ ಬೇಕು. ಮನೆಯಲ್ಲೇ ಹೊಲಿಗೆ, ಕಂಪ್ಯೂಟರ್ ಕೆಲಸ ಇಟ್ಟುಕೊಂಡವರಿಗೆ ಬೇಕು. ಡೀಸೆಲ್ ಜನರೇಟರಿನ ಹೊಗೆ ಸಾಕಾಗಿರುವ ಅಪಾರ್ಟ್‌ಮೆಂಟಿಗೂ ಬೇಕು. ಪಕ್ಕದ ಮನೆಯವರು ಇಡಿಸಿದರು ಎನ್ನುವ ಕಾರಣಕ್ಕೆ ಮಾತ್ರ ಬೇಡ.

ಬೇಕು ಎಂದಾದರೆ ಎಷ್ಟು ದೊಡ್ಡದು? ಇಲ್ಲಿ ಎಲ್ಲರೂ ಅಂದಾಜಿನ ಮೇಲೆ ಹೋಗುತ್ತೀರಿ. ಕಾಗದ ತೆಗೆದುಕೊಂಡು ಕೂತು ಲೆಕ್ಕ ಹಾಕಿ. ಸಾಮಾನ್ಯವಾಗಿ ಸಿಗುವ 12 ವೋಲ್ಟ್, 150 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 1,800 ವ್ಯಾಟ್ ಅವರ್ ಇರುತ್ತದೆ, ಅಂದರೆ ಎರಡು ಯೂನಿಟ್ಟೂ ಇಲ್ಲ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಪದೇ ಪದೇ ಇಳಿಸಿದರೆ ಅದರ ಆಯುಷ್ಯ ಕರಗುತ್ತದೆ. ಹಾಗಾಗಿ ನಿಮ್ಮ ಕೈಗೆ ಸಿಗುವುದು ಸುಮಾರು 900. ಎರಡು ಹಳೇ ಫ್ಯಾನು, ಒಂದೊಂದಕ್ಕೆ 75 ವ್ಯಾಟ್. ಐದು ಎಲ್‌ಇಡಿ ಬಲ್ಬು, ಒಂದೊಂದಕ್ಕೆ 9. ಒಟ್ಟು 200 ವ್ಯಾಟಿನ ಹತ್ತಿರ. ನಾಲ್ಕು ಗಂಟೆ ಬಂದರೆ ನಿಮ್ಮ ಪುಣ್ಯ. ಅದೇ ಫ್ಯಾನುಗಳನ್ನು 30 ವ್ಯಾಟ್ ಆಸುಪಾಸಿನ ಬಿಎಲ್‌ಡಿಸಿ ಫ್ಯಾನಿಗೆ ಬದಲಾಯಿಸಿದರೆ ಅಷ್ಟೇ ಬ್ಯಾಟರಿ ಹೆಚ್ಚುಕಡಿಮೆ ಎರಡರಷ್ಟು ಹೊತ್ತು ಬರುತ್ತದೆ. ಇನ್ನೊಂದು ಬ್ಯಾಟರಿ ಕೊಳ್ಳುವುದಕ್ಕಿಂತ ಎರಡು ಫ್ಯಾನು ಬದಲಾಯಿಸುವುದು ಅಗ್ಗ. ಇದನ್ನು ಅಂಗಡಿಯವರು ಹೇಳಿಕೊಡುವುದಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ.

ಇಷ್ಟು ತಿಳಿದ ಮೇಲೂ ಬ್ಯಾಟರಿ ಲೈನಿಗೆ ಇಸ್ತ್ರಿಪೆಟ್ಟಿಗೆ ಸಿಕ್ಕಿಸುವವರಿಗೆ ಏನು ಹೇಳಲಿ! ಗೀಸರ್ 2,000 ವ್ಯಾಟಿಗೆ ಕಡಿಮೆ ಇಲ್ಲ, ಇಸ್ತ್ರಿಪೆಟ್ಟಿಗೆ 1,000. ಹಾಸಿಗೆ ಇದ್ದಷ್ಟು ಕಾಲು ಚಾಚಿ. ಯಾವ ಪಾಯಿಂಟು ಬ್ಯಾಟರಿ ಮೇಲಿದೆ, ಯಾವುದು ಇಲ್ಲ ಎಂಬುದನ್ನು ಸ್ವಿಚ್ ಬೋರ್ಡಿನ ಮೇಲೆ ಗುರುತು ಹಾಕಿ ಇಡಿ. ಮನೆಗೆ ಬಂದ ನೆಂಟರಿಗೂ ಗೊತ್ತಾಗಲಿ.

ಇನ್ನು ನಾನು ಗಟ್ಟಿಯಾಗಿ ಹೇಳಬೇಕಾದ ಮಾತು. ಸೋಲಾರ್ ಹಾಕಿಸಿದವರು ಅನೇಕರು ಗೊಣಗುವುದನ್ನು ಕೇಳಿದ್ದೇನೆ: ಮಟಮಟ ಮಧ್ಯಾಹ್ನ, ತಲೆ ಮೇಲೆ ಬಿಸಿಲು, ಆದರೂ ಲೈನ್ ಕರೆಂಟ್ ಹೋದ ತಕ್ಷಣ ಸೋಲಾರೂ ನಿಂತುಹೋಯಿತು, ಮೋಸವಾಯಿತು ಅಂತ. ಮೋಸ ಅಲ್ಲ, ಅದು ಹಾಗೇ ನಿಲ್ಲಬೇಕು. ಲೈನಿಗೆ ಸೇರಿದ ಇನ್ವರ್ಟರ್ ಲೈನ್ ಸತ್ತ ಕೂಡಲೇ ತಾನೂ ಬಾಯಿ ಮುಚ್ಚುವಂತೆ ಮಾಡಿರುತ್ತಾರೆ. ಯಾಕೆ ಗೊತ್ತೇ? ಕರೆಂಟ್ ತೆಗೆದಿದ್ದಾರೆ ಎಂದರೆ ಎಲ್ಲೋ ಒಂದು ಕಂಬದ ಮೇಲೆ ಒಬ್ಬ ಲೈನ್‌ಮ್ಯಾನ್ ಹತ್ತಿರುತ್ತಾನೆ. ನಿಮ್ಮ ಮನೆಯ ಕರೆಂಟ್ ಆ ಹೊತ್ತಿನಲ್ಲಿ ಹಿಂದಕ್ಕೆ ಹರಿದು ಬೀದಿ ಲೈನಿಗೆ ಹೋದರೆ, ಟ್ರಾನ್ಸ್‌ಫಾರ್ಮರಿಗೆ ಇದು ಯಾವ ಕಡೆಯಿಂದ ಬಂತು ಎಂಬ ಭೇದವಿಲ್ಲ. 11,000 ವೋಲ್ಟನ್ನು ಮನೆ ಕರೆಂಟಾಗಿ ಇಳಿಸುವ ಅದೇ ಡಬ್ಬಿ, ಹಿಂದಿನಿಂದ ಬಂದ 230 ವೋಲ್ಟನ್ನು 11,000ಕ್ಕೆ ಏರಿಸಿ ಆಚೆಗೆ ಕಳಿಸುತ್ತದೆ. ಸತ್ತ ಲೈನ್ ಎಂದು ನಂಬಿ ಕೈ ಹಾಕಿದವನ ಗತಿ ಏನು? ಅವನಿಗೂ ಮನೆಯಿದೆ, ಕಾಯುವ ಮಕ್ಕಳಿದ್ದಾರೆ.

ಕರೆಂಟ್ ಹೋದಾಗಲೂ ಸೋಲಾರ್ ಮತ್ತು ಬ್ಯಾಟರಿ ಎರಡೂ ಕೆಲಸ ಮಾಡಬೇಕು ಎಂದಿದ್ದರೆ ಹೈಬ್ರಿಡ್ ಇನ್ವರ್ಟರ್ ಹಾಕಿಸಿಕೊಳ್ಳಿ. ಲೈನ್ ಹೋದಾಗ ಅದು ನಿಮ್ಮ ಮನೆಯನ್ನು ಬೀದಿಯಿಂದ ಕಡಿದುಕೊಂಡು, ಆರಿಸಿಟ್ಟ ಪಾಯಿಂಟುಗಳಿಗೆ ಮಾತ್ರ ಕರೆಂಟ್ ಕೊಡುತ್ತದೆ. ಅದನ್ನು ಬಿಟ್ಟು ಎರಡೂ ತುದಿಗೆ ಪ್ಲಗ್ ಇರುವ ವೈರ್ ಮಾಡಿಸಿ, ಬಾಡಿಗೆ ಜನರೇಟರನ್ನೋ ಇನ್ವರ್ಟರನ್ನೋ ಗೋಡೆಯ ಸಾಕೆಟ್ಟಿಗೆ ಚುಚ್ಚಿ ಇಡೀ ಮನೆಗೆ ಕರೆಂಟ್ ಹರಿಸುವ ಅಡ್ಡದಾರಿ ಇದೆಯಲ್ಲ, ಮದುವೆ ಮನೆಗಳಲ್ಲಿ, ಗೃಹಪ್ರವೇಶಗಳಲ್ಲಿ, ಅದನ್ನು ದಯವಿಟ್ಟು ಮಾಡಬೇಡಿ, ಮಾಡುವವರನ್ನು ಕಂಡರೆ ತಡೆಯಿರಿ. ಆ ವೈರಿನ ಒಂದು ತುದಿ ಕಳಚಿ ಬಿದ್ದರೆ ಬರಿಯ ಪಿನ್ನಿನಲ್ಲೇ ಕರೆಂಟ್ ಇರುತ್ತದೆ. ಲೈನೂ ಜನರೇಟರೂ ಒಟ್ಟಿಗೆ ಸೇರದಂತೆ ತಡೆಯುವ ಚೇಂಜ್‌ಓವರ್ ಸ್ವಿಚ್ ಹಾಕಿಸಲು ಆಗುವ ಖರ್ಚು ಒಂದು ಜೀವಕ್ಕಿಂತ ದೊಡ್ಡದಲ್ಲ.

ಲೈನಿಗೆ ಏನನ್ನೇ ಸೇರಿಸಿದರೂ ನಿಮ್ಮ ಎಸ್ಕಾಂಗೆ ಅರ್ಜಿ ಕೊಟ್ಟು, ಅವರು ಬಂದು ನೋಡಿದ ಮೇಲೇ ಸೇರಿಸಿ. ಓಡಾಟ ಬೇಸರ ತರಿಸುತ್ತದೆ, ಒಪ್ಪುತ್ತೇನೆ. ಆದರೂ ಆತುರಗಾರನಿಗೆ ಬುದ್ಧಿ ಮಟ್ಟ. ನಿಮ್ಮ ಬೀದಿಯಲ್ಲಿ ಯಾವ ಮನೆಯಿಂದ ಕರೆಂಟ್ ಹೊರಗೆ ಬರಬಹುದು ಎಂಬುದು ಅವರ ದಾಖಲೆಯಲ್ಲಿ ಇರಬೇಕು. ಅರ್ಥಿಂಗ್ ಸರಿ ಇದೆಯೇ ಎಂದು ಅದೇ ನೆಪದಲ್ಲಿ ನೋಡಿಸಿ. ಅರ್ಥಿಂಗ್ ಗುಂಡಿಗೆ ನೀರು ಹಾಕುವುದನ್ನು ಎಷ್ಟು ಮನೆಗಳಲ್ಲಿ ನಿಲ್ಲಿಸಿಬಿಟ್ಟಿದ್ದಾರೆ!

ಬ್ಯಾಟರಿ ಎಲ್ಲಿಡಬೇಕು ಎಂಬ ವಿಷಯಕ್ಕೆ ಬರೋಣ. ದೇವರ ಮನೆಯ ಪಕ್ಕದ ಮೂಲೆ ಖಾಲಿ ಇದೆ ಎಂದು ಅಲ್ಲಿಟ್ಟವರಿದ್ದಾರೆ. ನೀರು ಹಾಕುವ ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಗಾಳಿ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಜಾಗದ ಗಾಳಿಯಲ್ಲಿ ಅದು ನೂರಕ್ಕೆ 4 ಭಾಗ ಸೇರಿದರೆ ಒಂದು ಕಿಡಿ ಸಾಕು. ನೀವೋ ಪಕ್ಕದಲ್ಲೇ ನಂದಾದೀಪ ಹಚ್ಚಿ, ಕರ್ಪೂರ ಬೆಳಗುತ್ತೀರಿ. ದೇವರು ಒಳ್ಳೆಯವನೇ, ಆದರೆ ಅವನ ಮೇಲೆ ಇಷ್ಟೊಂದು ಭಾರ ಹಾಕಬಾರದು. ದೀಪ, ಒಲೆ, ಗ್ಯಾಸ್ ಸಿಲಿಂಡರ್ ಇದ್ದಲ್ಲಿ ಬ್ಯಾಟರಿ ಬೇಡ. ಮಲಗುವ ಕೋಣೆಯಲ್ಲಿ ಬೇಡ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಇಡುವುದಾದರೆ ಗಾಳಿಯಾಡಲು ಜಾಲರಿ ಬಿಡಿಸಿ. ಹಳೇ ಪೇಪರು, ಚಪ್ಪಲಿ, ಪಟಾಕಿ ಡಬ್ಬ ಅಲ್ಲಿ ಸೇರಿಸಬೇಡಿ.

ತಾರಸಿಯ ತಗಡಿನ ಶೆಡ್ಡಿನಲ್ಲಿ ಇಡುವವರೂ ಕೇಳಿ. ಸೀಸದ ಬ್ಯಾಟರಿಗೆ 25 ಡಿಗ್ರಿ ಹಿತ. ಅಲ್ಲಿಂದ ಮೇಲೆ ಪ್ರತಿ 10 ಡಿಗ್ರಿಗೆ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಎಂಬುದು ಬಲ್ಲವರ ಸ್ಥೂಲ ಲೆಕ್ಕ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಹೊರಗೇ 40 ದಾಟಿರುವಾಗ ಆ ತಗಡಿನ ಕೆಳಗೆ ಎಷ್ಟಿದ್ದೀತು! ಐದು ವರ್ಷ ಬರಬೇಕಾದದ್ದು ಎರಡೇ ವರ್ಷಕ್ಕೆ ಸತ್ತರೆ ಕಂಪನಿಯನ್ನು ಬೈದು ಫಲವಿಲ್ಲ. ಲಿಥಿಯಂಗೂ ಬಿಸಿಲು ಶತ್ರುವೇ. ನೆರಳಿನ, ತಂಪು ಗೋಡೆಗೆ ಹಾಕಿಸಿ. ಅಪಾರ್ಟ್‌ಮೆಂಟಿನವರು ಬೇಸ್‌ಮೆಂಟಿನಲ್ಲಿ ಜಾಗ ಹುಡುಕುತ್ತೀರಿ. ಬೆಂಗಳೂರಿನ ಒಂದು ಜೋರು ಮಳೆಗೆ ಎಷ್ಟು ಬೇಸ್‌ಮೆಂಟ್ ಮುಳುಗಿವೆ ಎಂದು ನಿಮಗೇ ಗೊತ್ತು. ನೀರು ನಿಲ್ಲದ ಎತ್ತರದ ಜಾಗ ನೋಡಿ.

ಸೀಸದ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ನೀರು ಹಾಕಬೇಡಿ. ಬೋರ್‌ವೆಲ್ ನೀರಿನ ಉಪ್ಪಂತೂ ಒಳಗಿನ ಪ್ಲೇಟುಗಳಿಗೆ ವಿಷ. ಫಿಲ್ಟರ್ ನೀರಲ್ಲೂ ಲವಣ ಉಳಿದಿರುತ್ತದೆ. ಎರಡು ಮೂರು ತಿಂಗಳಿಗೊಮ್ಮೆ, ಬೇಸಿಗೆಯಲ್ಲಿ ಇನ್ನೂ ಬೇಗ, ಮೇಲಿನ ಫ್ಲೋಟ್ ನೋಡಿ. ಹಸಿರು ಗುರುತಿನವರೆಗೆ ತುಂಬಿದರೆ ಸಾಕು. ಜಾಸ್ತಿ ತುಂಬಿದರೆ ಆಸಿಡ್ ಉಕ್ಕಿ ನೆಲ ತಿನ್ನುತ್ತದೆ. ಅತಿಯಾದರೆ ಅಮೃತವೂ ವಿಷ. ಆಸಿಡ್ಡನ್ನಂತೂ ನೀವಾಗಿ ಹಾಕಲೇಬಾರದು, ಕಡಿಮೆಯಾಗುವುದು ನೀರು, ಆಸಿಡ್ ಅಲ್ಲ. ಕಣ್ಣಿಗೆ ಸಿಡಿದರೆ ಹದಿನೈದು ನಿಮಿಷವಾದರೂ ಹರಿಯುವ ನೀರಿನಲ್ಲಿ ತೊಳೆದು ವೈದ್ಯರ ಬಳಿ ಓಡಿ. ಮನೆಮದ್ದು ಹುಡುಕುತ್ತಾ ಕೂರಬೇಡಿ.

ಟರ್ಮಿನಲ್ ಮೇಲೆ ಬಿಳಿ, ಹಸಿರು ಹಿಟ್ಟು ಕಟ್ಟಿದ್ದರೆ ಸ್ವಿಚ್ ಆಫ್ ಮಾಡಿ ಅಡಿಗೆ ಸೋಡಾ ಬೆರೆಸಿದ ನೀರಿನಲ್ಲಿ ಒರೆಸಿ, ಒಣಗಿಸಿ, ವ್ಯಾಸಲೀನ್ ಸವರಿ. ಅದಕ್ಕೆ ಮುಂಚೆ ಕೈಯ ಬಳೆ, ಉಂಗುರ, ವಾಚು ಬಿಚ್ಚಿಡಿ. ಹನ್ನೆರಡೇ ವೋಲ್ಟು ಶಾಕ್ ಹೊಡೆಯುವುದಿಲ್ಲ ಎಂಬ ಧೈರ್ಯ ನಿಮ್ಮದು. ಶಾಕ್ ಹೊಡೆಯದೇ ಇರಬಹುದು. ಆದರೆ ಎರಡು ಟರ್ಮಿನಲ್ ನಡುವೆ ಚಿನ್ನದ ಬಳೆ ಅಡ್ಡ ಬಿದ್ದರೆ ಅದು ಕೆಂಡವಾಗಿ ಕೈಗೇ ಅಂಟುತ್ತದೆ.

ಊರಿಗೆ ಹೋಗುವಾಗ ನೀವು ಮಾಡುವ ಒಂದು ಕೆಲಸ ನನಗೆ ಸಿಟ್ಟು ತರಿಸುತ್ತದೆ. ಜಾಗ್ರತೆ ಎಂದುಕೊಂಡು ಮೇನ್ ಸ್ವಿಚ್ ತೆಗೆದು ಹೋಗುತ್ತೀರಿ. ಯುಪಿಎಸ್ ಸ್ವಿಚ್ಚನ್ನು ಹಾಗೇ ಬಿಟ್ಟಿರುತ್ತೀರಿ. ಅದಕ್ಕೇನು ಗೊತ್ತು ನೀವು ಪ್ರವಾಸ ಹೊರಟಿದ್ದೀರಿ ಎಂದು? ಕರೆಂಟ್ ಹೋಯಿತು ಎಂದುಕೊಂಡು ಬ್ಯಾಟರಿಯಿಂದ ಕೊಡಲು ಶುರು ಮಾಡುತ್ತದೆ, ಬರಿದಾಗುವವರೆಗೂ ಕೊಡುತ್ತದೆ. ಬರಿದಾದ ಸೀಸದ ಬ್ಯಾಟರಿ ಹಾಗೇ ವಾರಗಟ್ಟಲೆ ಕೂತರೆ ಪ್ಲೇಟಿನ ಮೇಲೆ ಗಂಧಕದ ಲವಣ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಚಾರ್ಜ್ ಹಿಡಿಯುವುದಿಲ್ಲ. ವರ್ಷಗಟ್ಟಲೆ ಜತನದಿಂದ ನೀರು ಹಾಕಿ ಕಾಪಾಡಿದ್ದು ಒಂದು ರಜೆಯಲ್ಲಿ ಹೋಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಪೂರ್ತಿ ಚಾರ್ಜ್ ಮಾಡಿ ಯುಪಿಎಸ್ಸನ್ನೂ ಆಫ್ ಮಾಡಿ ಹೋಗಿ.

ಲಿಥಿಯಂ ಬ್ಯಾಟರಿಗೆ ನೀರಿನ ರಗಳೆ ಇಲ್ಲ, ಜಾಗವೂ ಕಡಿಮೆ, ಬಾಳಿಕೆಯೂ ಹೆಚ್ಚು. ಬೆಲೆ ಕೇಳಿದರೆ ಎದೆ ಝಲ್ ಎನ್ನುತ್ತದೆ, ಅಷ್ಟೇ. ಅಲ್ಲೇ ತಪ್ಪು ಮಾಡುತ್ತೀರಿ. ಹಳೇ ಎಲೆಕ್ಟ್ರಿಕ್ ಸ್ಕೂಟರಿನ ಸೆಲ್ಲುಗಳನ್ನು ಕಿತ್ತು ಜೋಡಿಸಿ ಅರ್ಧ ಬೆಲೆಗೆ ಕೊಡುವವರ ಬಳಿ ಹೋಗುತ್ತೀರಿ. ಲಿಥಿಯಂ ಪೆಟ್ಟಿಗೆಯೊಳಗೆ ಒಂದೊಂದು ಸೆಲ್ಲಿನ ವೋಲ್ಟೇಜು, ಬಿಸಿ ಎಲ್ಲವನ್ನೂ ಕಾಯುವ ಬಿಎಂಎಸ್ ಎಂಬ ಕಾವಲು ಸರ್ಕ್ಯೂಟ್ ಇರಬೇಕು. ಅದು ಇಲ್ಲದ, ಅಥವಾ ಇದ್ದೂ ಕೆಲಸ ಮಾಡದ ಪೆಟ್ಟಿಗೆ ಮನೆಯೊಳಗೆ ಬರಬಾರದು. ಮನೆಗಾದರೆ ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಎಂದು ಕೇಳಿ ತೆಗೆದುಕೊಳ್ಳಿ. ನಿಕ್ಕಲ್, ಕೋಬಾಲ್ಟ್ ಇರುವ ಸೆಲ್ಲುಗಳಿಗೆ ಹೋಲಿಸಿದರೆ ಅದು ಬಿಸಿಯನ್ನು ಹೆಚ್ಚು ತಡೆಯುತ್ತದೆ. ಹಳೇ ಯುಪಿಎಸ್ಸಿಗೇ ಲಿಥಿಯಂ ಜೋಡಿಸುವುದಾದರೆ ಅದರ ಚಾರ್ಜರ್ ಲಿಥಿಯಂಗೆ ಹೊಂದುತ್ತದೆಯೇ ಎಂದು ಕಂಪನಿಯವರಿಂದಲೇ ಖಾತ್ರಿ ಮಾಡಿಕೊಳ್ಳಿ. ಹಳೇ ಬ್ಯಾಟರಿಯ ಜೊತೆ ಹೊಸದನ್ನು ಜೋಡಿಸುವ ಉಳಿತಾಯವೂ ಬೇಡ. ಹಳೆಯದು ಹೊಸದನ್ನೂ ತನ್ನ ಜೊತೆ ಕೆಳಗೆಳೆಯುತ್ತದೆ.

ನಾನು ಹೆದರಿಸುತ್ತಿದ್ದೇನೆ ಅನ್ನಿಸೀತು. ನಡೆದದ್ದನ್ನೇ ಹೇಳುತ್ತೇನೆ. ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ನಗರದ ಪಕ್ಕದ ಸರ್‌ಪ್ರೈಸ್ ಎಂಬ ಊರಿನಲ್ಲಿ ಮ್ಯಾಕ್‌ಮಿಕನ್ ಎಂಬ ಸಣ್ಣ ಬ್ಯಾಟರಿ ಕೇಂದ್ರವಿತ್ತು. 2 ಮೆಗಾವ್ಯಾಟ್, ಲೈನಿಗೆ ಸೇರಿದ್ದು, ಸೋಲಾರ್ ಕರೆಂಟನ್ನು ಕೂಡಿಡಲು ಕಟ್ಟಿದ್ದು. 2019ರ ಏಪ್ರಿಲ್ 19ರ ಸಂಜೆ ಅದರೊಳಗಿಂದ ಹೊಗೆ ಬಂತು. ಒಂದು ಸೆಲ್ ಕೆಟ್ಟು ಬಿಸಿಯಾಗಿ, ಪಕ್ಕದ್ದನ್ನು ಬಿಸಿ ಮಾಡಿ, ಅದು ಇನ್ನೊಂದನ್ನು ಬಿಸಿ ಮಾಡುತ್ತಾ ಹೋಗಿತ್ತು. ಬೆಂಕಿ ಆರಿಸುವ ಅನಿಲವೂ ಒಳಗೆ ತಾನಾಗಿ ಚಿಮ್ಮಿತು. ಆದರೆ ಸೆಲ್ಲುಗಳು ಉಗುಳಿದ ಸುಡುವ ಗಾಳಿ ಹೊರಹೋಗಲು ದಾರಿಯಿರಲಿಲ್ಲ. ಅಗ್ನಿಶಾಮಕ ದಳದವರು ಬಂದು ಕಾದು, ಸುಮಾರು ಎರಡು ಗಂಟೆಯ ಮೇಲೆ ಬಾಗಿಲು ತೆರೆದರು. ಹೊರಗಿನ ಗಾಳಿ ಒಳಗೆ ನುಗ್ಗಿತು, ಸ್ವಲ್ಪ ಹೊತ್ತಿಗೆ ಇಡೀ ಪೆಟ್ಟಿಗೆ ಸಿಡಿಯಿತು. ನಾಲ್ವರು ಸಿಬ್ಬಂದಿಗೆ ತೀವ್ರ ಗಾಯಗಳಾದವು. ಪಳಗಿದವರು, ಕವಚ ತೊಟ್ಟವರು ಅವರು. ಅವರಿಗೇ ಹಾಗಾಯಿತು.

ಆ ಕೇಂದ್ರಕ್ಕೂ ನಿಮ್ಮ ಮನೆಯ ಪೆಟ್ಟಿಗೆಗೂ ಗಾತ್ರದಲ್ಲಿ ಅಜಗಜಾಂತರ. ಆದರೂ ಬುದ್ಧಿ ಕಲಿಯಲು ಅಷ್ಟು ಸಾಕು. ಬ್ಯಾಟರಿ ಉಬ್ಬಿದೆ, ಮುಟ್ಟಿದರೆ ಸುಡುತ್ತಿದೆ, ಬುಸ್ ಎಂದು ಸದ್ದು ಬರುತ್ತಿದೆ, ಏನೋ ವಿಚಿತ್ರ ವಾಸನೆ ಎಂದರೆ, ಕೈಗೆ ಸಿಗುವಂತಿದ್ದರೆ ಸ್ವಿಚ್ ಆಫ್ ಮಾಡಿ, ಮನೆಯವರನ್ನೆಲ್ಲ ಹೊರಗೆ ಕರೆದುಕೊಂಡು ಬನ್ನಿ, 112ಕ್ಕೆ ಫೋನ್ ಮಾಡಿ, ಲಿಥಿಯಂ ಬ್ಯಾಟರಿ ಎಂದು ಮೊದಲೇ ತಿಳಿಸಿ. ಹೊಗೆಯಾಡುವ ಕೋಣೆಯ ಬಾಗಿಲು ತೆರೆದು ಇಣುಕಬೇಡಿ. ಆ ಹೊಗೆ ಉಸಿರಿಗೆ ವಿಷ. ಜ್ವಾಲೆ ಆರಿತು ಎಂದು ನೆಮ್ಮದಿಯಾಗಬೇಡಿ, ಒಳಗಿನ ಕಾವಿಗೆ ಗಂಟೆಗಳ ನಂತರವೂ ಮತ್ತೆ ಹೊತ್ತಿಕೊಳ್ಳಬಹುದು. ಅಪಾರ್ಟ್‌ಮೆಂಟಿನವರಂತೂ ಬ್ಯಾಟರಿ ಎಲ್ಲಿದೆ, ಯಾವ ಜಾತಿಯದು, ಎಲ್ಲಿ ಆಫ್ ಮಾಡಬೇಕು ಎಂಬುದನ್ನು ಗೇಟಿನ ಬಳಿ ಕನ್ನಡದಲ್ಲಿ ದೊಡ್ಡದಾಗಿ ಬರೆಸಿ ಹಾಕಿ. ರಾತ್ರಿ ಪಾಳಿಯ ವಾಚ್‌ಮನ್‌ನನ್ನು ಕೂರಿಸಿಕೊಂಡು ವಿವರಿಸಿ. ಮನೆ ಹೊತ್ತಿ ಉರಿಯುವಾಗ ಬಾವಿ ತೋಡಿದರೆ ನೀರು ಸಿಗುವುದಿಲ್ಲ.

ಕೊನೆಯದಾಗಿ ಸತ್ತ ಬ್ಯಾಟರಿಯ ವಿಷಯ. ಗುಜರಿಯವನು ನೂರು ರೂಪಾಯಿ ಜಾಸ್ತಿ ಕೊಡುತ್ತಾನೆ ಎಂದು ಅವನ ಕೈಗೆ ಕೊಡುತ್ತೀರಿ. ಅವನು ಎಲ್ಲೋ ಊರಾಚೆ ಅದನ್ನು ಒಡೆದು, ಆಸಿಡ್ಡನ್ನು ಮೋರಿಗೆ ಸುರಿದು, ಸೀಸವನ್ನು ಬಯಲಲ್ಲೇ ಕರಗಿಸಿದರೆ, ಆ ಹೊಗೆ ಮತ್ತು ಧೂಳು ಸುತ್ತಲಿನ ಮಕ್ಕಳ ರಕ್ತಕ್ಕೆ ಸೇರುತ್ತದೆ. ಸೀಸ ಮಕ್ಕಳ ಬುದ್ಧಿ ಬೆಳವಣಿಗೆಯನ್ನೇ ಕುಂಠಿಸುವ ವಿಷ, ಇಷ್ಟಿದ್ದರೆ ಪರವಾಗಿಲ್ಲ ಎನ್ನುವ ಪ್ರಮಾಣವೇ ಇಲ್ಲ. ನಿಮ್ಮ ಮನೆಗೆ ಬೆಳಕು ಕೊಟ್ಟ ವಸ್ತು ಇನ್ನೊಂದು ಮನೆಯ ಮಗುವಿಗೆ ಹಾಗೆ ಮಾಡಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯದನ್ನು ವಾಪಸ್ ಪಡೆದು ಸರಿಯಾಗಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಡೀಲರಿಗೇ ಒಪ್ಪಿಸಿ, ಅದರ ಬೆಲೆಯನ್ನು ಬಿಲ್ಲಿನಲ್ಲೇ ಕಳೆಸಿಕೊಳ್ಳಿ, ರಸೀದಿ ಕೇಳಿ ಪಡೆಯಿರಿ. ಕೊಡುವುದಿಲ್ಲ ಎಂದರೆ ಬೇರೆ ಅಂಗಡಿಗೆ ಹೋಗಿ.